ಖಂಡೆ ಪೂಜೆಗೆ ಕೂತ ಪಾನಾಗಳು

ನಮ್ಮ ಯಜಮಾನರಿಗೆ ರಿಪೇರಿ ಕೆಲಸ ನೆನಪಾಗುವುದು ಹಬ್ಬದ ದಿನವೇ. ಗೋಡೆಗೆ ಮೊಳೆ ಹೊಡೆಯಲು ಯುಗಾದಿ ಬೇಕು, ನಳ ಬಿಚ್ಚಲು ನಾಗರಪಂಚಮಿ ಬೇಕು. ಹಾಗಾಗಿ ತೊಂಬತ್ತರ ದಶಕ ಮುಗಿಯುವ ಹೊತ್ತಿನ ಆ ಖಂಡೆ ನವಮಿಯ, ಅಂದರೆ ಆಯುಧಪೂಜೆಯ ಮುಂಜಾನೆ, ಗೋಕಾಕದ ನಮ್ಮ ಮನೆಯ ಅಂಗಳದಲ್ಲಿ ಅವರು ಕಾರಿನ ಮುಂದಿನ ಗಾಲಿ ಬಿಚ್ಚಲು ಕೂತಾಗ ನನಗೆ ಆಶ್ಚರ್ಯವಾಗಲಿಲ್ಲ, ಸಿಟ್ಟು ಬಂತು. ಒಳಗೆ ಹೋಳಿಗೆಯ ಬೇಳೆ ಕುದಿಯುತ್ತಿತ್ತು. ಹೊರಗೆ ನಾನು ಆಗಷ್ಟೇ ಹಾಕಿದ ರಂಗೋಲಿಯ ಮೇಲೆ ಕರಿ ಗ್ರೀಸು ಬಿದ್ದಿತ್ತು.

ಆದರೆ ಆ ಸಲ ಅವರಿಗೆ ಕಾರಣವಿತ್ತು. ಮರುದಿನ ದಸರೆಗೆ ಅತ್ತೆಯವರನ್ನು ಹತ್ತರಗಿಗೆ ಕರೆದುಕೊಂಡು ಹೋಗಬೇಕಿತ್ತು. ಅಲ್ಲಿ ಅವರ ಹಿರಿಯ ಮಗ, ಅಂದರೆ ನನ್ನ ಭಾವ ಇದ್ದರು. ಅಣ್ಣ ತಮ್ಮ ಮಾತು ಬಿಟ್ಟು ವರ್ಷಗಳಾಗಿದ್ದವು. ಭಾವ ತಮ್ಮ ಮಗಳ ಮದುವೆಗೆ ತಾವೇ ಬಂದು ಕರೆಯದೆ, ಗೋಕಾಕಕ್ಕೆ ಹೊರಟಿದ್ದ ಯಾರದೋ ಕೈಯಲ್ಲಿ ಲಗ್ನಪತ್ರಿಕೆ ಕಳಿಸಿದ್ದರು. ಒಡಹುಟ್ಟಿದವನನ್ನು ಹೀಗೆ ಕರೆಯುತ್ತಾರೆಯೇ ಎಂದು ಇವರು ಮದುವೆಗೆ ಹೋಗಲಿಲ್ಲ. ಸ್ವಂತ ಕಾಕಾ ಅಕ್ಷತೆಗೆ ಬರಲಿಲ್ಲವಲ್ಲ ಎಂದು ಅವರು ನಮ್ಮ ಹೊಸ್ತಿಲು ತುಳಿಯಲಿಲ್ಲ. ಹಟದಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಮೀರಿಸುವವರು.

ನಮ್ಮ ಕಡೆ ದಸರೆಯ ದಿನ ಕಿರಿಯರು ಹಿರಿಯರ ಕೈಗೆ ಬಂಗಾರವೆಂದು ಬನ್ನಿ ಎಲೆ ಕೊಟ್ಟು ಕಾಲು ಮುಟ್ಟಿದರೆ ಹಳೆಯ ಜಗಳ ಅಲ್ಲಿಗೆ ಮುಗಿಯಬೇಕು. ಅತ್ತೆಯವರು ಆ ವರ್ಷ ಪಟ್ಟು ಹಿಡಿದಿದ್ದರು. "ಈ ಸಲ ಇಬ್ಬರೂ ಬನ್ನಿ ಕೊಟ್ಟು ತೊಗೊಳ್ಳೂದನ್ನ ನನ್ನ ಕಣ್ಣಿಲೆ ನೋಡಬೇಕು. ಮುಂದಿನ ದಸರಾ ನಾ ಇರತೀನೋ ಇಲ್ಲೋ." ಅದಕ್ಕೆ ಇವರು ಒಲ್ಲೆ ಎನ್ನಲಾರದೆ ಹೂಂ ಅಂದಿದ್ದರು.

ಅತ್ತೆಯವರ ಮೊಣಕಾಲು ಬಸ್ಸಿನ ಮೆಟ್ಟಿಲು ಹತ್ತುತ್ತಿರಲಿಲ್ಲ. ಬಾಡಿಗೆ ಕಾರು ಮಾಡೋಣ ಎಂದರೆ ನಮ್ಮವರಿಗೆ ಮರ್ಯಾದೆ ಅಡ್ಡ ಬಂತು. "ಅಣ್ಣನ ಮನಿಗೆ ಬಾಡಿಗಿ ಗಾಡ್ಯಾಗ ಹೋಗ್ಲೇನು?" ನಮ್ಮ ಹಳೆಯ ಕಾರು ನೋಡಿದರೆ ತಿರುವಿನಲ್ಲೆಲ್ಲ ಕಟಕ್ ಕಟಕ್ ಎನ್ನುತ್ತಿತ್ತು. ಮೆಕ್ಯಾನಿಕ್ಕು ಗಾಲಿ ಹಿಡಿದು ಅಲ್ಲಾಡಿಸಿ, ಬಾಲ್ ಜಾಯಿಂಟ್ ಪೂರಾ ಸವೆದಿದೆ, ಹೀಗೇ ಹೈವೇಗೆ ಹೋದರೆ ಗಾಲಿ ಮಡಚಿಕೊಂಡೀತು, ದಸರೆ ಮುಗಿಸಿ ಬನ್ನಿ ಎಂದು ಗ್ಯಾರೇಜು ತೊಳೆಯಲು ಹೋದ. ಬಾಲ್ ಜಾಯಿಂಟ್ ಎಂದರೆ ಗಾಲಿಯನ್ನೂ ಅದನ್ನು ಹೊತ್ತ ಕಬ್ಬಿಣದ ತೋಳನ್ನೂ ಕೂಡಿಸುವ ಗುಂಡಿನ ಕೀಲು, ನಮ್ಮ ಭುಜದಲ್ಲಿ ಇರುವಂಥದ್ದು. ಇವರು ಹೊಸ ಕೀಲು ತಂದರು. ಹುಡುಗರಾಗಿದ್ದಾಗ ಅಣ್ಣನ ಜೊತೆ ಮನೆಯ ಜೀಪು ಬಿಚ್ಚಿ ಜೋಡಿಸಿದವರು, ಆ ಧೈರ್ಯ ಇತ್ತು.

ಜಾಕ್ ಏರಿಸಿದರು, ಕೆಳಗೆ ಕಲ್ಲು ಕೊಟ್ಟರು, ಗಾಲಿ ತೆಗೆದರು, ನಟ್ಟನ್ನೂ ಬಿಚ್ಚಿದರು. ಹಳೆಯ ಕೀಲಿನ ಮೊನೆ ಮಾತ್ರ ತನ್ನ ತೂತಿನಲ್ಲಿ ಕಚ್ಚಿಕೊಂಡು ಕೂತಿತ್ತು. ಮಧ್ಯಾಹ್ನದ ತನಕ ಸುತ್ತಿಗೆಯಿಂದ ಬಡಿದರೂ ಅದು ಮಿಸುಕಲಿಲ್ಲ. ಊಟಕ್ಕೆ ಎದ್ದವರು ಸಿಟ್ಟಿನಲ್ಲೇ ಉಂಡು ಅಡ್ಡಾದರು.

ಎದ್ದು ಬರುವಷ್ಟರಲ್ಲಿ ಅಂಗಳ ಖಾಲಿ. ನಟ್ಟು ಬಿಚ್ಚುವ ಪಾನಾಗಳು, ಸುತ್ತಿಗೆ, ಜಾಕಿನ ಹಿಡಿಕೆ, ಎಲ್ಲವನ್ನೂ ಅತ್ತೆಯವರು ತೊಳೆದು, ವಿಭೂತಿ ಹಚ್ಚಿ, ಚೆಂಡು ಹೂವು ಇಟ್ಟು ದೇವರ ಮುಂದೆ ಸಾಲಾಗಿ ಕೂಡಿಸಿದ್ದರು. ಇವರ ಬಟ್ಟೆ ಅಂಗಡಿಯ ಗಜಕಡ್ಡಿ, ಕತ್ತರಿ, ನನ್ನ ಈಳಿಗೆ ಕೂಡ ಅಲ್ಲೇ ಇದ್ದವು. ರಾತ್ರಿಯ ಬದನೆಕಾಯಿಯನ್ನು ನಾನು ಹಲ್ಲಿನಿಂದ ಹೆಚ್ಚಬೇಕಿತ್ತೋ ಏನೋ.

"ಇನ್ನ ನಾಳಿ ಬನ್ನಿ ಬರೂತನಕ ಯಾರೂ ಮುಟ್ಟಬ್ಯಾಡ್ರಿ" ಎಂದರು ಅತ್ತೆಯವರು.

"ಯವ್ವಾ, ಹತ್ತರಗಿಗೆ ಹೋಗಬೇಕನ್ನಾಕಿ ನೀನ. ಪಾನಾ ಇಲ್ಲದ ಗಾಡಿ ಹೆಂಗ ಕೂಡಸಲಿ?"

"ನನಗ ಗೊತ್ತಿಲ್ಲೇನು? ದೇವರ ಮುಂದ ಇಟ್ಟದ್ದನ್ನ ನನ್ನ ಸಲುವಾಗಿ ಎತ್ತಿದ್ರ ಆ ಬನ್ನಿ ಬಂಗಾರ ಆಗತೈತೇನು?" ತಮ್ಮ ದಾರಿಗೆ ತಾವೇ ಬೀಗ ಹಾಕಿಕೊಂಡು ಕೂತ ಮುದುಕಿಯ ಮೇಲೆ ನನಗೆ ಕೋಪವೂ ಬಂತು, ಕರುಳೂ ಚುರುಕ್ ಎಂದಿತು.

ಸಂಜೆ ಯಾರಿಗೂ ಹೇಳದೆ ನಾನೇ ಭಾವನಿಗೆ ಫೋನು ಮಾಡಿದೆ. "ನಾಳಿ ಅತ್ತಿಯವರಿಗೆ ಬರಾಕ ಆಗೂದಿಲ್ರಿ. ಬಾಲ್ ಜಾಯಿಂಟ್ ಹಾಕಬೇಕಂತ ಗಾಡಿ ಬಿಚ್ಯಾರ, ಹಳೇದು ಹೊರಗ ಬರವಲ್ದು."

ಭಾವ, "ಒಬ್ಬಾಂವ ಬಡದ್ರ ಅದು ಬರೂದಿಲ್ಲವ್ವಾ" ಎಂದು ಫೋನು ಇಟ್ಟರು.

ಮರುದಿನ ಮಧ್ಯಾಹ್ನ ನಮ್ಮ ಗೇಟಿನ ಮುಂದೆ ಆಟೋ ನಿಂತಿತು. ಇಳಿದವರು ಭಾವ. ಒಳಗೆ ಬರದೆ ಕಲ್ಲಿನ ಮೇಲೆ ನಿಂತ ಕಾರನ್ನೇ ನೋಡುತ್ತ, ಯಾರಿಗೂ ಅಲ್ಲ ಎಂಬಂತೆ ಅಂದರು, "ಗಾಡಿ ನೋಡಾಕ ಬಂದೀನಿ. ನಮ್ಮ ಪಾನಾನೂ ಪೂಜಿಗೆ ಕುಂತಾವ, ಬರಿಗೈಲೆ ಬಂದೀನಿ." ನಮ್ಮವರು ಕಟ್ಟೆಯ ಮೇಲೆ ಕೂತು ಕಾಲಿನ ಹೆಬ್ಬೆರಳು ನೋಡಿಕೊಳ್ಳುತ್ತಿದ್ದರು. ಇಬ್ಬರ ತಲೆಯನ್ನೂ ಹಿಡಿದು ಡಿಕ್ಕಿ ಹೊಡೆಸಬೇಕು ಅನ್ನಿಸಿತು ನನಗೆ.

ಗೋಡೆ ಹಿಡಿದುಕೊಂಡು ಅತ್ತೆಯವರು ಹೊರಬಂದರು. "ಗಾಡಿ ಆಮ್ಯಾಲ. ಮದಲ ಬನ್ನಿ."

ಕೊಡಬೇಕಾದವನು ತಮ್ಮ. ಆದರೆ ಮುಖ ಸಪ್ಪಗೆ ಮಾಡಿಕೊಂಡು ಮನೆ ಬಿಟ್ಟು ಕದಲದ ತಮ್ಮನ ಹತ್ತಿರ ಒಂದು ಎಲೆಯೂ ಇರಲಿಲ್ಲ. ಆಗ ಭಾವ ತಮ್ಮ ಅಂಗಿಯ ಕಿಸೆಗೆ ಕೈಹಾಕಿ, ಊರಿಂದಲೇ ಕರವಸ್ತ್ರದಲ್ಲಿ ಕಟ್ಟಿ ತಂದಿದ್ದ ಬನ್ನಿ ತೆಗೆದು ತಮ್ಮನ ಅಂಗೈಗೆ ಹಾಕಿದರು. "ಹಿಡಿ. ನನಗ ಕೊಡು." ಇವರು ಅದನ್ನೇ ಅಣ್ಣನಿಗೆ ತಿರುಗಿ ಕೊಟ್ಟು ಕಾಲಿಗೆ ಬಾಗಿದರು, ಬಾಗಿದವರು ಬೇಗ ಏಳಲಿಲ್ಲ. "ಬಂಗಾರದಂಗ ಇರೂಣಪಾ" ಎಂದು ಭಾವ ತಮ್ಮನನ್ನು ಹಿಡಿದೆತ್ತಿದರು. "ಮದುವಿಗೆ ಕರಿಯಾಕ ನಾನ ಬರಬೇಕಾಗಿತ್ತು." ನಾನು ಸೆರಗಿನಿಂದ ಕಣ್ಣು ಒರೆಸಿಕೊಂಡೆ.

ಅತ್ತೆಯವರು ತಾವೇ ಆರತಿ ಬೆಳಗಿ ಪಾನಾಗಳನ್ನು ಎತ್ತಿಕೊಟ್ಟರು. ಪಕ್ಕದ ಮನೆಯಿಂದ ಇನ್ನೊಂದು ಸುತ್ತಿಗೆ ಬಂತು. ಕೀಲು ಕಚ್ಚಿಕೊಂಡಿದ್ದ ತೂತಿನ ಆ ಬಾಜೂ ಒಬ್ಬರು, ಈ ಬಾಜೂ ಒಬ್ಬರು ಕೂತು ಹೂಂ ಎಂದು ಒಟ್ಟಿಗೇ ಬಡಿದರು. ಎರಡೂ ಪೆಟ್ಟು ಒಂದೇ ಕ್ಷಣಕ್ಕೆ ಬಿದ್ದರೆ ಮಾತ್ರ ಆ ಹಿಡಿತ ಸಡಿಲುತ್ತದಂತೆ. ಮೊದಮೊದಲು ಹಿಂದೆ ಮುಂದೆ ಆಯಿತು, ಒಬ್ಬರನ್ನೊಬ್ಬರು ಬೈದುಕೊಂಡರು. ಆಮೇಲೆ ತಾಳ ಕೂಡಿತು, ಟಪ್ಪೆಂದು ಕೀಲು ಕಳಚಿ ಬಿತ್ತು. ಹೊಸದನ್ನು ಕೂಡಿಸಿ, ನಟ್ಟು ಬಿಗಿದು, ಪಿನ್ನು ಮಡಚಿ ಎದ್ದಾಗ ಇಬ್ಬರ ಹಬ್ಬದ ಬಟ್ಟೆಯೂ ಒಗೆಯಲು ಬಾರದಷ್ಟು ಹಾಳಾಗಿತ್ತು.

ಈಗ ಕಾರು ವರ್ಕ್‌ಶಾಪಿಗೆ ಹೋಗುತ್ತದೆ, ನಾವು ಗಾಜಿನ ಕೋಣೆಯಲ್ಲಿ ಚಹಾ ಕುಡಿಯುತ್ತ ಕಾಯುತ್ತೇವೆ. ಅತ್ತೆಯವರೂ ಇಲ್ಲ, ಭಾವನೂ ಇಲ್ಲ. ಆ ಬೈಗುಳ, ಆ ಗ್ರೀಸಿನ ವಾಸನೆ ನೆನಪಾದರೆ ನನಗೆ ಈಗಲೂ ಆ ಅಂಗಳಕ್ಕೆ ಓಡಬೇಕು ಅನ್ನಿಸುತ್ತದೆ.

ಅವತ್ತು ಕೆಲಸ ಮುಗಿಯಿತು, ಬನ್ನಿಯೂ ಆಯಿತು, ಇನ್ನು ಹತ್ತರಗಿಗೆ ಯಾಕೆ ಎಂದು ನಾನು ಕೇಳಿದೆ. ಅತ್ತೆಯವರು ಹೊಸ ಸೀರೆ ಉಟ್ಟು ಹಿಂದಿನ ಸೀಟಿನಲ್ಲಿ ಕೂತರು, ಪಕ್ಕದಲ್ಲಿ ನಾನು. ಮುಂದೆ ಅಣ್ಣ ತಮ್ಮ. ಹುಕ್ಕೇರಿ ದಾಟಿ ಹತ್ತರಗಿ ಮುಟ್ಟಿದಾಗ ಹೊತ್ತು ಇಳಿಯುತ್ತಿತ್ತು, ಬನ್ನಿ ಕೊಡಲು ಊರಿಗೆ ಊರೇ ಬೀದಿಯಲ್ಲಿತ್ತು. ಅತ್ತೆಯವರು ಮುಂದೆ ಬಾಗಿ, ಗಾಡಿ ಹೊಡೆಯುತ್ತಿದ್ದ ಕಿರಿಯ ಮಗನ ಹೆಗಲು ತಟ್ಟಿದರು.

"ಗಾಜ ಇಳಸ್ರಿ ಇಬ್ಬರೂ. ಸಾವಕಾಶ ಹೊಡಿ. ಎಲ್ಲಾರೂ ನೋಡ್ಲಿ."