ಮಾಸ್ತರರ ಬೊಗಸೆ

ಮೊನ್ನೆ ಹೈದರಾಬಾದಿನ ನಾರಾಯಣಗೂಡದ ಅಂಗಡಿಯೊಂದರ ಮುಂದೆ ಹೋಗುವಾಗ, ಕಾದ ಹಂಚಿನ ಮೇಲಿನ ಹೋಳಿಗೆಗೆ ತುಪ್ಪ ಬಿದ್ದ ವಾಸನೆ ಬಂತು. ಬೋರ್ಡಿನಲ್ಲಿ ‘ಬೊಬ್ಬಟ್ಲು’ ಎಂದಿತ್ತು. ಮೂಗಿಗೆ ಅದು ಹೋಳಿಗೆಯೇ. ವಾಸನೆಗೂ ಸಕ್ಕರೆ ಏರೀತೆಂದು ಹೆದರಿ ರಸ್ತೆ ದಾಟಿದೆ. ಆಚೆ ನಿಂತ ಮೇಲೆ ಟೈಪಿಂಗ್ ಮಾಸ್ತರರು ನೆನಪಾದರು...

ಈ ಊರು ಇನ್ನೂ ಆಂಧ್ರದ ರಾಜಧಾನಿಯಾಗಿದ್ದ ಕಾಲ. ಮಾಸ್ತರರು ನಮ್ಮ ಪಕ್ಕದ ಮನೆಯವರು, ನಮ್ಮಂತೆಯೇ ಗುಲ್ಬರ್ಗಾ ಕಡೆಯವರು. ಅವರ ಬಳಿ ನಾನು ಟೈಪಿಂಗ್ ಕಲಿಯುತ್ತಿದ್ದೆ. ತಪ್ಪು ಬಿದ್ದೀತೆಂದು ಒಂದೊಂದು ಅಕ್ಷರಕ್ಕೂ ಅವರ ಮುಖ ನೋಡುತ್ತಿದ್ದೆ. ಪ್ರತಿ ಯುಗಾದಿಗೆ ಅವರ ಊಟ ನಮ್ಮಲ್ಲೇ.

ಉಂಡು, ಕೈ ತೊಳೆದು ಬಂದು ಚಾಪೆಯ ಮೇಲೆ ಕೂತು, ಎರಡೂ ಅಂಗೈ ಚಾಚಿ ಕಣ್ಣು ಮುಚ್ಚಿ ಏನೋ ಗುನುಗುತ್ತಿದ್ದರು. ಮೊದಲ ವರ್ಷ ಅವ್ವ ಆ ಬೊಗಸೆ ನೋಡಿದಳು. “ಅಯ್ಯ, ಬಾಯಿ ಬಿಟ್ಟು ಕೇಳಾಕ ಮಾಸ್ತರಿಗೆ ನಾಚಿಕಿ!” ಎಂದು ಬಿಸಿ ಹೋಳಿಗೆಯೊಂದನ್ನು ಅದರಲ್ಲಿಟ್ಟಳು. ಮಾಸ್ತರರು ಕಣ್ಣು ಬಿಟ್ಟರು, ಹೋಳಿಗೆ ನೋಡಿದರು, ಸೂರು ನೋಡಿದರು, ತಿಂದರು. ಮುಂದಿನ ವರ್ಷವೂ ಅದೇ. ಆಮೇಲೆ ಅದೇ ಪದ್ಧತಿಯಾಯಿತು.

ಒಮ್ಮೆ ಮೆಟ್ಟಿಲ ಮೇಲೆ, ಕೈ ಚಾಚಿ ಅದೇನು ಗುನುಗುತ್ತೀರಿ ಎಂದು ಮಾಸ್ತರರನ್ನು ಕೇಳಿಯೇಬಿಟ್ಟೆ. “ಉಣಿಸಿದ್ದಕ್ಕ ದೇವರಿಗೆ ಶುಕ್ರಿಯಾ ಹೇಳ್ತೀನಪಾ, ದುವಾ ಅದು. ಉಣಿಸಿದ ಮನಿಗೆ ಬರಕತ್ ಕೊಡು ಅಂತೀನಿ. ಮ್ಯಾಲಿನಾಂವ ಪೂರಾ ಕೇಳೂದ್ರಾಗ ನಿಮ್ಮವ್ವ ಮಂಜೂರ್ ಮಾಡಿಬಿಡ್ತಾರ!” ಎಂದು ನಕ್ಕರು.

ನಾನೂ ನಕ್ಕೆ, ಅವ್ವನಿಗೆ ಹೇಳಲಿಲ್ಲ. ಆದರೆ ಒಂದು ವರ್ಷ ಅವರಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾಯಿತು. ಯುಗಾದಿಗೆ ಇನ್ನೂ ಎರಡು ತಿಂಗಳಿತ್ತು. ಎರಡು ತಿಂಗಳೂ ನನಗೆ ನಿದ್ದೆಯಿಲ್ಲ. ಹೇಳದಿದ್ದರೆ ಮಾಸ್ತರರ ಪ್ರಾಣ, ಹೇಳಿದರೆ ಅವ್ವನ ಮಾನ... ಕೊನೆಗೆ ಸಕ್ಕರೆಯ ಮಾತನ್ನೂ ದುವಾದ ಮಾತನ್ನೂ ಅವ್ವನಿಗೆ ಹೇಳಿದೆ.

“ದೇವರ ಕಡೆ ಚಾಚಿದ ಕೈಯಾಗ ನಾ ಹೋಳಿಗಿ ಇಟ್ಟೆನಾ?” ಅವ್ವ ಹಣೆ ಚಚ್ಚಿಕೊಂಡಳು. “ಇಷ್ಟ್ ವರ್ಷ ನೀ ಬಾಯಾಗ ಏನ್ ಇಟಗೊಂಡಿದ್ದಿ?”

ಹೋಳಿಗೆ.

ಆ ಯುಗಾದಿಗೆ ಅವ್ವ ತಲೆಗೆ ಸೆರಗು ಹೊದ್ದು, ಕಣ್ಣು ಮುಚ್ಚಿ, ದೂರ ನಿಂತಳು. ದುವಾ ಮುಗಿಯಿತು. ಮಾಸ್ತರರ ಕೈ ಮಾತ್ರ ಚಾಚಿಯೇ ಇತ್ತು. ಸ್ವಲ್ಪ ಹೊತ್ತಿಗೆ ಅವರ ಒಂದು ಕಣ್ಣು ತೆರೆಯಿತು.

“ಅಕ್ಕಾರ... ಈ ಸಲ ಹೋಳಿಗಿ ಕಡಿಮಿ ಆದ್ವೇನ್ರಿ?”

“ಇಂವಾ ಹೇಳಿದ್ರಿ, ನಿಮಗ ಶುಗರ್ ಐತಿ ಅಂತ. ಅದು ದುವಾ ಅಂತ...”

ಮಾಸ್ತರರು ಎರಡೂ ಅಂಗೈಗಳಿಂದ ಮೆಲ್ಲಗೆ ಮುಖ ಸವರಿಕೊಂಡರು. “ಖರೆ ಐತ್ರಿ,” ಎಂದರು. ನನ್ನತ್ತ ತಿರುಗಿ, “ಭಾಳ ಶಾಣ್ಯಾ ಅದೀಪಾ ನೀ,” ಎಂದರು.

ಮುಂದಿನ ಯುಗಾದಿಗೆ ಅವರಿರಲಿಲ್ಲ.

ಈಗ ಅವ್ವನೂ ಇಲ್ಲ. ಸಕ್ಕರೆಯ ಗುಳಿಗೆ ನುಂಗುವ ಸರದಿ ನನ್ನದು. ಅಷ್ಟು ನಿದ್ದೆಗೆಟ್ಟು ನಾನು ತಪ್ಪಿಸಿದ್ದು ಅವರ ಕೊನೆಯ ಹೋಳಿಗೆಯನ್ನು. ಮಾಸ್ತರರು ಹೋದದ್ದು ಎದೆನೋವಿನಿಂದ. ಎದೆಯ ಬಗ್ಗೆ ನಾನು ಒಂದು ದಿನವೂ ಚಿಂತೆ ಮಾಡಿರಲಿಲ್ಲ.