ಪೆರ್ತೂಸ್ ಬೀದಿಯ ಆಚೆ ಬದಿ

ನನ್ನ ದೊಡ್ಡಮ್ಮ ರಮೇಯ್‌ಳ ಒಬ್ಬನೇ ಮಗ ಎವ್ದಾಲ್. ಓದಿದ್ದು ಪಶುವೈದ್ಯಕೀಯ. ಕೊಟ್ಟಿಗೆ ಕೊಟ್ಟಿಗೆ ಅಲೆದವನಿಗೆ ಊರೆಲ್ಲ ಪರಿಚಯ, ಹಾಗೆಯೇ ಮೇಯರನೂ ಆದ. "ನಿನಗೆ ವೋಟು ಹಾಕಿದ್ದು ಜನ ಅಲ್ಲ ಕಣೋ, ಹಂದಿಗಳು," ಎಂದು ನಾನು ಛೇಡಿಸಿದರೆ, "ಹಂದಿಗಳು ಮಾತು ತಪ್ಪಲ್ಲ ಕಣೇ, ಎಂಗ್ರಾಸ್ಯಾ," ಎನ್ನುತ್ತಿದ್ದ. ಹದಿನಾಲ್ಕು ವರ್ಷ ಆಳಿದ. ಶಾಲೆ ಮುಚ್ಚಲು ಬಿಡಲಿಲ್ಲ, ಬೇಸಿಗೆಯಲ್ಲೂ ನೀರು ಬರುವ ಹಾಗೆ ಪೈಪು ಹಾಕಿಸಿದ. ಕತಲೋನಿಯಾ ಸ್ಪೇನಿನಿಂದ ಬೇರೆಯಾಗಬೇಕು ಎಂಬುದು ಅವನ ಹಠ. ನನಗೆ ಆ ಹುಚ್ಚು ಆಗಲೂ ಇರಲಿಲ್ಲ, ಈಗಲೂ ಇಲ್ಲ. ಭಾನುವಾರದ ಊಟಕ್ಕೆ ಕೂತಾಗಲೆಲ್ಲ ಇದೇ ಜಗಳ. ದೊಡ್ಡಮ್ಮ ಬ್ರೆಡ್ಡಿಗೆ ಟೊಮೆಟೊ ಉಜ್ಜುತ್ತ, "ಮೊದಲು ತಿನ್ನಿ, ಆಮೇಲೆ ಕಚ್ಚಾಡಿ," ಎನ್ನುತ್ತಿದ್ದಳು.

ಬಾರ್ಸೆಲೋನಾದವರು ಕರೆದು ಕತಲೋನಿಯಾದ ಸರ್ಕಾರದಲ್ಲಿ ಒಂದು ಇಲಾಖೆಯ ಹೊಣೆ ಕೊಟ್ಟರು. ಹೋಗಬೇಡ ಎಂದೆ. ಹೋದ. ಎರಡು ಸಾವಿರದ ಹದಿನೇಳರಲ್ಲಿ, ಬೇರೆಯಾಗಬೇಕೇ ಬೇಡವೇ ಎಂಬ, ಕೋರ್ಟು ಬೇಡವೆಂದ ಮತದಾನಕ್ಕೆ ಮತಪೆಟ್ಟಿಗೆ ತರಿಸುವ ಕಾಗದಕ್ಕೆ ಸಹಿ ಹಾಕಿದ. ಸಹಿ ಹಾಕದೆ ಜಾರಿಕೊಂಡವರು ಇವತ್ತು ಮನೆಯಲ್ಲಿ ಆರಾಮಾಗಿದ್ದಾರೆ. ಇವನಿಗೆ ಕೋರ್ಟಿನ ಕರೆ ಬಂತು. ಹಳೇ ಜೀಪಿನಲ್ಲಿ ಗಡಿ ದಾಟಿ, ಫ್ರಾನ್ಸಿನ ಸೆರೆತ್ ಎಂಬ ಊರಲ್ಲಿ ಬಾಡಿಗೆಗೆ ಕೋಣೆ ಹಿಡಿದ. ಇತ್ತ ಕಾಲಿಟ್ಟರೆ ಜೈಲು.

ತಾಯಿಯೇ ಅಲ್ಲಿಗೆ ಹೋಗಬಹುದಿತ್ತಲ್ಲ, ಒಂದು ಗಂಟೆಯ ದಾರಿ. ಫಜೀತಿ ಇದ್ದದ್ದೇ ಅಲ್ಲಿ. ದೊಡ್ಡಮ್ಮ ಆರು ವರ್ಷದವಳಿದ್ದಾಗ, ಸ್ಪೇನಿನ ಅಂತರ್ಯುದ್ಧದಲ್ಲಿ ನಮ್ಮ ಕಡೆಯವರು ಸೋತ ಚಳಿಗಾಲದಲ್ಲಿ, ಅಪ್ಪನ ಹೆಗಲೇರಿ ಅದೇ ಗಡಿ ದಾಟಿದ್ದಳು. ಫ್ರಾನ್ಸಿನವರು ಅವರನ್ನು ಅರ್ಜೆಲರ್ಸ್ ಕಡಲತೀರದ ಮರಳಲ್ಲಿ, ತಂತಿಬೇಲಿಯೊಳಗೆ ಇಟ್ಟರು. ಅಪ್ಪ ಅಲ್ಲೇ ಜ್ವರ ಬಂದು ಸತ್ತ. ಎಲ್ಲಿ ಹೂತರೋ ಯಾರಿಗೂ ಗೊತ್ತಿಲ್ಲ. ಆ ನೆಲವನ್ನು ಮತ್ತೆ ಮೆಟ್ಟುವುದಿಲ್ಲವೆಂದು ಆಣೆ ಹಾಕಿಕೊಂಡವಳು ಸುಮಾರು ಎಂಬತ್ತು ವರ್ಷ ಅದನ್ನು ಉಳಿಸಿಕೊಂಡಿದ್ದಳು.

ಹಾಗಾಗಿ ಪೆರ್ತೂಸಿಗೆ ಹೋಗತೊಡಗಿದೆವು. ಆ ಊರಿನ ಪೇಟೆಬೀದಿಯಲ್ಲಿ ಈ ಬದಿಯ ಅಂಗಡಿಗಳು ಸ್ಪೇನಿನವು, ಆ ಬದಿಯವು ಫ್ರಾನ್ಸಿನವು. ತಿಂಗಳ ಮೊದಲ ಭಾನುವಾರ ದೊಡ್ಡಮ್ಮ ಈ ಫುಟ್‌ಪಾತಿನಲ್ಲಿ, ಮಗ ಆ ಫುಟ್‌ಪಾತಿನಲ್ಲಿ. ನಡುವೆ ಲಾರಿಗಳು. ಅವಳು ಮಾಡಿದ ಸಾಸೇಜಿನ ಗಂಟು ಹಿಡಿದು ರಸ್ತೆ ದಾಟುವವಳು ನಾನು.

"ಸೊರಗಿದೀಯಲ್ಲೋ," ಎಂದು ಅವಳು ಕೂಗುವಳು.

"ದೂರದಿಂದ ಹಾಗೆ ಕಾಣುತ್ತಮ್ಮ."

"ಅಷ್ಟು ದೂರ ಹೋಗು ಅಂದೋರ್ಯಾರು?"

ಒಮ್ಮೆ ಅವನು, "ಕುರ್ಚಿ ಮೇಲೆ ಕೂರಮ್ಮ, ಎತ್ಕೊಂಡು ಬರ್ತಾರೆ. ಕಾಲು ನೆಲಕ್ಕೆ ತಾಗೋದೇ ಇಲ್ಲ," ಎಂದ.

"ಆಣೆ ಅಂದ್ರೆ ನಿಮ್ಮ ಕಾಯಿದೆ ಅಲ್ಲ ಕಣೋ, ಸಂದಿ ಹುಡುಕೋಕೆ."

ಹೀಗೆ ಒಂದೂವರೆ ವರ್ಷ. ತಾಯಿ ಮಗ ಇಬ್ಬರೂ ಒಂದೇ ಅಚ್ಚು. ಅವರಿಬ್ಬರ ಮೇಲೂ ನನಗೆ ಸಿಟ್ಟು ಬರುತ್ತಿತ್ತು, ಪಾಪ ಎಂದೂ ಅನಿಸುತ್ತಿತ್ತು.

ಆ ವಸಂತದಲ್ಲಿ ದೊಡ್ಡಮ್ಮನ ಹೊಟ್ಟೆಯಲ್ಲಿ ಗಡ್ಡೆ ಇದೆಯೆಂದು ಡಾಕ್ಟರು ಹೇಳಿದರು. ಬೇಸಿಗೆ ಕಾಣುವುದು ಅನುಮಾನ. ಅವನಿಗೆ ಹೇಳಬೇಡ ಎಂದಳು. ನನ್ನ ಬಾಯಲ್ಲಿ ಮಾತು ನಿಲ್ಲುವುದುಂಟೇ, ಫೋನು ಮಾಡಿ ಹೇಳಿಬಿಟ್ಟೆ. ಮುಂದಿನ ಭೇಟಿಯ ಭಾನುವಾರ ಅವನು ಆಚೆ ಬದಿಯಿಂದಲೇ, "ನಾನೇ ಬರ್ತೀನಮ್ಮ. ಹಿಡ್ಕೊಂಡ್ರೆ ಹಿಡ್ಕೊಳ್ಳಲಿ," ಎಂದು ಕೂಗಿ ಫುಟ್‌ಪಾತಿನಿಂದ ಕೆಳಗಿಳಿದ. ನಮ್ಮ ಕಡೆಯ ತಂಬಾಕಿನಂಗಡಿಗೆ ಒರಗಿದ್ದ ಇಬ್ಬರು ಪೊಲೀಸರು ನೆಟ್ಟಗಾದರು.

ದೊಡ್ಡಮ್ಮ ನನ್ನ ಕೈ ಕೊಡವಿ ರಸ್ತೆಗಿಳಿದಳು. "ಅಲ್ಲೇ ನಿಲ್ಲೋ ಮುಂಡೇದೇ," ಎಂದು ಬೈಯುತ್ತ, ಲಾರಿಯವನಿಗೆ ಊರುಗೋಲು ತೋರಿಸಿ ನಿಲ್ಲಿಸುತ್ತ ದಾಟಿದಳು. ಅವನನ್ನು ಹಿಂದಕ್ಕೆ ನೂಕಿಕೊಂಡೇ ಫುಟ್‌ಪಾತು ಹತ್ತಿಸಿ, ಅವನೆದೆಗೆ ತಲೆಯಿಟ್ಟಳು. ನಾನು ನಡುಬೀದಿಯಲ್ಲಿ ಗೊಳೋ ಎಂದು ಅತ್ತುಬಿಟ್ಟೆ.

ಅವಳು ವಾಪಸು ಬರಲಿಲ್ಲ. "ಎಂಬತ್ತು ವರ್ಷದ ಮಾತು ಹೋಯ್ತು. ಇನ್ನು ಮಗನಾದ್ರೂ ಇರ್ಲಿ," ಎಂದಳು. ಅವನ ಕೋಣೆಯಲ್ಲಿ ಹತ್ತೊಂಬತ್ತು ದಿನ ಇದ್ದಳು. ಅವನೇ ತಲೆ ಬಾಚಿದ, ಅವನೇ ಗಂಜಿ ಕುಡಿಸಿದ. ಒಂದು ದಿನ ಅರ್ಜೆಲರ್ಸಿಗೆ ಕರೆದೊಯ್ದ. ಅಲ್ಲೀಗ ಐಸ್‌ಕ್ರೀಮಿನ ಅಂಗಡಿಗಳು. ಅವಳು ಜೀಪಿನಿಂದ ಇಳಿಯಲಿಲ್ಲ, ಕಿಟಕಿ ಇಳಿಸಿ, "ಅಪ್ಪಾ, ಬಂದೆ," ಎಂದಳಂತೆ. ಇಪ್ಪತ್ತನೆಯ ದಿನ ಬೆಳಿಗ್ಗೆ ಮಗನ ಕೈ ಹಿಡಿದುಕೊಂಡೇ ಹೋದಳು.

ನಮ್ಮೂರಿನ ಸ್ಮಶಾನದಲ್ಲಿ, ಗಂಡನ ಪಕ್ಕದಲ್ಲಿ ಅವಳ ಜಾಗ. ಅಲ್ಲಿಯ ಶವದ ಗಾಡಿ ಪೆರ್ತೂಸಿನವರೆಗೆ ಬಂತು, ನಮ್ಮದು ಈ ಬದಿಯಲ್ಲಿ ಕಾದಿತ್ತು. ಅಮ್ಮನನ್ನು ತಾನೇ ಹೊತ್ತು ತರುತ್ತೇನೆಂದು ಅವನು ಹಟ ಹಿಡಿದಿದ್ದ. ಅವನೂ ಸೆರೆತಿನ ಮೂವರು ಗೆಳೆಯರೂ ಪೆಟ್ಟಿಗೆ ಹೊತ್ತು ನಡುಬೀದಿಗೆ ಬಂದರು. ನಾನು, ನನ್ನ ಗಂಡ, ಊರಿನ ಇಬ್ಬರು ಹಂದಿ ಸಾಕುವವರು ಹೋಗಿ ಹೆಗಲು ಕೊಟ್ಟೆವು. ಅವನ ಗೆಳೆಯರು ಸರಿದರು. ಅವನು ಸರಿಯಲಿಲ್ಲ. ಈ ಬದಿಯ ಪೊಲೀಸರು ಟೋಪಿ ತೆಗೆದು ನಿಂತಿದ್ದರು, ಆದರೆ ನಿಂತೇ ಇದ್ದರು.

"ಬಿಡೋ," ಎಂದೆ.

"ಇನ್ನೊಂದ್ ನಾಲ್ಕು ಹೆಜ್ಜೆ, ಎಂಗ್ರಾಸ್ಯಾ."

"ಒಂದೂ ಬೇಡ. ನೀನು ಈ ಕಡೆ ಬರಬಾರದು ಅಂತಾನೇ ಅವಳು ಆ ಕಡೆ ಹೋಗಿದ್ದು."

ಅವನು ಕೈ ಬಿಟ್ಟ. ಪೆಟ್ಟಿಗೆಯ ಅವನ ಮೂಲೆಯ ಭಾರವೆಲ್ಲ ನನ್ನ ಹೆಗಲಿಗೆ ಬಂತು. ಊರು ಮುಟ್ಟಿದ ಮೇಲೆ ಚರ್ಚಿನಿಂದ ಸ್ಮಶಾನದವರೆಗೆ, ಮಗ ನಡೆಯಬೇಕಾದ ಜಾಗದಲ್ಲಿ ನಾನೇ ನಡೆದೆ.