ಚೌಕುಳಿ ಶರ್ಟು

ಚೆಂಬೂರು ಸ್ಟೇಷನ್ನಿನ ಹೊರಗೆ ಹಳೆಯ ಬಟ್ಟೆ ಮಾರುತ್ತಿದ್ದ ಬಾಗಲಕೋಟೆಯ ಆ ಹೆಂಗಸೇ ನಮಗೆ, ಬೆಲ್‌ಬಾಟಮ್ ಹುಚ್ಚಿನ ಬಡ ಕಾಲೇಜು ಹುಡುಗರಿಗೆ, ಫ್ಯಾಶನ್ ಕಲಿಸಿದವಳು. ಗೇಣಿನಲ್ಲೇ ಹೆಗಲು ಅಳೆದು, "ನಿನಗಂತನ ಹೊಲಿದಂಗೈತಿ ನೋಡಪಾ" ಎನ್ನುತ್ತಿದ್ದಳು.

ಅವಳು ಆರಿಸಿಕೊಟ್ಟ ಚೌಕುಳಿ ಶರ್ಟು ತೊಟ್ಟು ಹೊಸ ಗೆಳೆಯನ ಮನೆಗೆ ಹೋದೆ. ಕಾಲರಿನ ತೇಪೆಯಲ್ಲಿ ತಮ್ಮದೇ ಹೊಲಿಗೆ ಕಂಡು ಅವನ ತಾಯಿ ನನ್ನ ತೋಳು ಹಿಡಿದು ಅತ್ತುಬಿಟ್ಟರು. ಅದು ತೀರಿಹೋದ ಹಿರಿಯ ಮಗನ ಶರ್ಟು. ನನಗೆ ಮೈಯೆಲ್ಲ ಸುಟ್ಟಂತಾಯಿತು.

ಮರುದಿನ ಅದನ್ನು ಬಟ್ಟೆ ಮಾರುವವಳ ಮುಂದೆ ಎಸೆದೆ. "ಸತ್ತವರದು ಅಂತ ಯಾಕೆ ಹೇಳಲಿಲ್ಲ?"

ಅವಳು ದಂಗಾದಳು. "ನನಗೂ ಗೊತ್ತಿರಲಿಲ್ಲಪಾ. ಆ ತಾಯಿ ವಾಪಸ್ ಕೇಳಿದ್ರೇನು?"

"ಇಲ್ಲ. ಮತ್ತೆ ಬಾ ಅಂದರು."

ಅವಳು ಶರ್ಟೆತ್ತಿ, ಧೂಳು ಕೊಡವಿ, ನನ್ನ ಕೈಗಿಟ್ಟಳು.

"ಹಂಗಾರ ಇದನ್ನ ಹಾಕ್ಕೊಂಡ ಹೋಗು."